ಹಗಲು ಚಂದ್ರನನ್ನು ತೋರಿಸಲು ಬಂದವರು

ಹೋದ ವಾರ ಮೆಟ್ರೋದಲ್ಲಿ, ಪೀಣ್ಯದಲ್ಲಿ ಹತ್ತಿದವರೊಬ್ಬರು ನನ್ನ ಪಕ್ಕ ಬಂದು ನಿಂತರು. ಅವರ ಅಂಗಿಯಿಂದ ಲೇತ್ ಮಷೀನಿಗೆ ಬಿಡುವ ಕೂಲಂಟ್ ಎಣ್ಣೆಯ ವಾಸನೆ ಬರುತ್ತಿತ್ತು. ಎದುರಿಗೆ ಕೂತಿದ್ದ ಹುಡುಗಿ ಮೂಗಿಗೆ ಕರ್ಚೀಫು ಹಿಡಿದಳು. ನಾನು ಮಾತ್ರ ಇನ್ನಷ್ಟು ಹತ್ತಿರ ಸರಿದೆ. ನಮ್ಮ ಪಕ್ಕದ ಮನೆಯ ಕಾಕಾ ಬಂದರೆ ಹೀಗೇ ವಾಸನೆ ಮೊದಲು ಬರುತ್ತಿತ್ತು... ಅದರ ಹಿಂದೆಯೇ ಹಳೆಯ ಸಿಟ್ಟೂ ಬಂತು.

ಆಗ ನಾನು ಐದನೇ ಕ್ಲಾಸು. ಪೀಣ್ಯದಲ್ಲಿ ಸಾಲಾಗಿ ಆರು ಶೀಟಿನ ಮನೆಗಳಿದ್ದ ವಠಾರ ನಮ್ಮದು. ಕಾಕಾ ಬಾಗಲಕೋಟೆ ಕಡೆಯವರು, ಇಲ್ಲಿ ಫ್ಯಾಕ್ಟರಿಯಲ್ಲಿ ಲೇತ್ ಕೆಲಸ, ಹೆಂಡತಿ ಮಕ್ಕಳು ಊರಲ್ಲಿ. ಅವರ ಅಣ್ಣನ ಮಗಳು ಒಮ್ಮೆ ಬಂದಿದ್ದಾಗ ಕಾಕಾ ಎಂದದ್ದು ಕೇಳಿ ನಾನೂ ಹಾಗೇ ಕರೆಯತೊಡಗಿದೆ. ಕುಡಿತ, ಬೀಡಿ, ಇಸ್ಪೀಟು ಒಂದೂ ಇರಲಿಲ್ಲ. ಚಹಾ ಮಾತ್ರ ಲೋಟಗಟ್ಟಲೆ ಬೇಕು. ನೈಟ್ ಶಿಫ್ಟಿನ ವಾರ ಬೆಳಿಗ್ಗೆ ಏಳಕ್ಕೆ ಕೆಂಡದಂಥ ಕಣ್ಣು ಹೊತ್ತು ಬರುತ್ತಿದ್ದರು. ನಾನು ಆಗ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿರುತ್ತಿದ್ದೆ.

ಹಾಗೆ ಒಂದು ಬೆಳಿಗ್ಗೆ ಪಡುವಣದ ಆಕಾಶದಲ್ಲಿ ಬೆಳ್ಳಗೆ ನಿಂತಿದ್ದ ಚಂದ್ರನನ್ನು ತೋರಿಸಿದರು. ಹಗಲಲ್ಲಿ ಯಾಕೆ ಬಂದಿದ್ದಾನೆ ಎಂದು ಕೇಳಿದೆ.

“ನೋಡ್ ತಂಗಿ, ಚಂದ್ರಾಮಗೂ ಶಿಫ್ಟ್ ಅದಾವ. ಹುಣ್ಣಿವಿ ದಿನ ಸೂರ್ಯ ಮುಳುಗೂದಕ್ಕ ಸರಿಯಾಗಿ ಗೇಟಿಗೆ ಬರ್ತಾನ, ಪೂರಾ ನೈಟ್ ಶಿಫ್ಟ್. ಮರುದಿನದಿಂದ ದಿನಾ ಐವತ್ತು ನಿಮಿಷ ಲೇಟ್. ತಡಾ ಮಾಡಿ ಬಂದಾಂವ ತಡಾ ಮಾಡೇ ಮನೀಗೆ ಹೋಗ್ಬೇಕಲ್ಲ? ಅದಕ್ಕ ಬೆಳಕಾದ್ರೂ ಇನ್ನೂ ಡ್ಯೂಟ್ಯಾಗ ಅದಾನ.”

ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕು ಬಿದ್ದ ಬದಿ ನಮ್ಮ ಕಡೆ ತಿರುಗಿದ್ದರೆ ಸಾಕು, ಹಗಲಾದರೂ ಕಾಣುತ್ತಾನೆ ಎಂದರು. ಅಮಾವಾಸ್ಯೆಗೆ ಸೂರ್ಯನ ಜೊತೆಗೇ ಡ್ಯೂಟಿಗೆ ಬರುತ್ತಾನಂತೆ, ಬೆಳಕೆಲ್ಲ ಆಚೆ ಬದಿಗೆ, ಅದಕ್ಕೇ ಅಂದು ಕಾಣುವುದಿಲ್ಲವಂತೆ. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಆಮೇಲೆ ಯಾವ ಕ್ಲಾಸಿನಲ್ಲೂ ಯಾರೂ ಅದನ್ನು ಅಷ್ಟು ಚೆನ್ನಾಗಿ ಹೇಳಿಕೊಡಲಿಲ್ಲ.

ಟೆಸ್ಟಿನಲ್ಲಿ ಬಂತು, ಚಂದ್ರನು ಯಾವಾಗ ಕಾಣಿಸುತ್ತಾನೆ? ಹಗಲು, ರಾತ್ರಿ ಎರಡರಲ್ಲೂ ಎಂದು ಬರೆದೆ. ಸೈನ್ಸ್ ಮಿಸ್ ಕೆಂಪು ಗೆರೆ ಎಳೆದು, ಕ್ಲಾಸಿನ ಮುಂದೆ ನಿಲ್ಲಿಸಿ, ಓದಿಸಿ, ಎಲ್ಲರನ್ನೂ ನಗಿಸಿದರು. ಮನೆಗೆ ಅಳುತ್ತಾ ಬಂದೆ. ಕಾಕಾ ಪೇಪರ್ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. ಅಮಾವಾಸ್ಯೆ ಹತ್ತಿರವಿತ್ತು. ಈಗ ಹೋದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ, ಹುಣ್ಣಿಮೆ ಕಳೆದು ಐದಾರು ದಿನವಾಗಲಿ ಎಂದರು. ನನ್ನ ಒಂದು ಮಾರ್ಕಿಗಾಗಿ ಆ ಮನುಷ್ಯ ಇಪ್ಪತ್ತು ದಿನ ಕಾದರು.

ಅದೃಷ್ಟ ಕೆಟ್ಟು ಆ ವಾರ ಅವರಿಗೆ ನೈಟ್ ಶಿಫ್ಟು. ಕೆಲಸದಿಂದ ಬಂದವರೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನಿದ್ದೆಗೆಟ್ಟ ಕಣ್ಣಲ್ಲೇ ಶಾಲೆಗೆ ಬಂದರು. ಪ್ರಾರ್ಥನೆ ಮುಗಿದು ಎಲ್ಲರೂ ಮೈದಾನದಲ್ಲೇ ಇದ್ದೆವು.

“ಅಕ್ಕೋರ, ಒಂದ್ ನಿಮಿಷ ಮ್ಯಾಲೆ ನೋಡ್ರಿ. ಆ ನೀರಿನ ಟಾಕಿ ಮ್ಯಾಲ ಚಂದ್ರಾಮ ಅದಾನ. ಹುಡುಗಿ ಬರದದ್ದು ತಪ್ಪಲ್ರಿ,” ಎಂದು ಕೈ ತೋರಿಸಿದರು.

ಮಿಸ್ ಮೇಲೆ ನೋಡಲಿಲ್ಲ. ಅವರ ಕೆಂಪು ಕಣ್ಣು ನೋಡಿದರು. ಎಷ್ಟು ಸೋಪು ಉಜ್ಜಿದರೂ ಹೋಗದ ಆ ಎಣ್ಣೆಯ ವಾಸನೆಗೆ ಮೂಗು ಮುಚ್ಚಿದರು.

“ಬೆಳ್‌ಬೆಳಗ್ಗೆನೇ ಹಾಕ್ಕೊಂಡ್ ಬಂದಿದ್ದೀರಲ್ರೀ. ಇನ್ನೊಂದ್ ಸ್ವಲ್ಪ ಹಾಕಿದ್ರೆ ನಕ್ಷತ್ರಾನೂ ಕಾಣ್ತವೆ.”

ಬೇರೆ ಟೀಚರುಗಳು ಕಿಸಕ್ಕನೆ ನಕ್ಕರು. ಚಂದ್ರ ಅಲ್ಲೇ ಇದ್ದ, ಒಂದು ಬದಿ ಸವೆದು, ಸುಣ್ಣ ಬಳಿದ ಹಾಗೆ. ನಾವು ಮಕ್ಕಳೆಲ್ಲ ನೋಡಿದೆವು. ಅಷ್ಟು ಓದಿದವರಿಗೆ ಒಮ್ಮೆ ಕತ್ತೆತ್ತಿ ನೋಡಲು ಏನು ದಾಡಿಯಾಗಿತ್ತು ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೋಡಿದ್ದರೆ ಕಾಸು ಖರ್ಚಾಗುತ್ತಿತ್ತೇ?

ಮಿಸ್ ನನ್ನನ್ನು ಕರೆದರು. “ನಿಮ್ ಪಕ್ಕದ್ಮನೆಯವ್ರು ತಾನೇ? ಕುಡೀತಾರಾ ಇವ್ರು?”

ಕಾಕಾ ನನ್ನ ಮುಖ ನೋಡಿದರು. ಇಲ್ಲ ಎಂಬ ಎರಡಕ್ಷರ ಸಾಕಿತ್ತು. ನಾನು ತಲೆ ತಗ್ಗಿಸಿದೆ. ಮಿಸ್ ಅದನ್ನೇ ಹೌದು ಎಂದುಕೊಂಡರು. ವಾಚ್‌ಮನ್ ರಟ್ಟೆ ಹಿಡಿದು ಹೊರಗೆ ಕರೆದೊಯ್ಯುವಾಗ ಕಾಕಾ, “ಹುಡುಗೀನ ಬೈಬ್ಯಾಡ್ರಿ,” ಎಂದದ್ದು ಮಾತ್ರ ಕೇಳಿಸಿತು...

ಸಂಜೆಯೊಳಗೆ ಸುದ್ದಿ ವಠಾರಕ್ಕೆ ಬಂತು. ಓನರ್ ಪೀಣ್ಯದ ಮೂಲದವರು, ಹೊಲ ಮಾರಿ ಮನೆ ಕಟ್ಟಿಸಿದವರು. ಬಾಗಿಲಲ್ಲಿ ನಿಂತು, “ಕುಡ್ಕೊಂಡ್ ಇಸ್ಕೂಲಿಗೆ ಓಗವ್ನಂತೆ. ಎಣ್ಮಕ್ಕಳಿರೋ ಜಾಗ ಇದು, ಕಾಲಿ ಮಾಡು,” ಎಂದರು. ಕಾಕಾ ಎಷ್ಟು ಹೇಳಿದರೂ ಕೇಳಲಿಲ್ಲ. ಹಬ್ಬಕ್ಕೆ ಅವರ ಕೈಯಿಂದ ಸಜ್ಜೆ ರೊಟ್ಟಿ ತಿಂದಿದ್ದ ಒಬ್ಬರೂ ಬಾಯಿ ಬಿಡಲಿಲ್ಲ. ಅಪ್ಪ ಕೂಡ, “ನಮಗ್ಯಾಕಮ್ಮ ಬೇರೆಯವ್ರ ಉಸಾಬರಿ,” ಎಂದು ಒಳಗೆ ಹೋದರು. ಭಾನುವಾರ ಕಾಕಾ ಟ್ರಂಕು, ಸ್ಟೌವು, ಚಾಪೆಯನ್ನು ಆಟೋಗೆ ಹಾಕಿಕೊಂಡು ಹೋದರು. ನಾನು ಕಿಟಕಿಯ ಹಿಂದೆ ಇದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವರ ಮಾನ ಹೋದದ್ದು ನನ್ನ ಒಂದು ಮಾರ್ಕಿಗೆ.

ಮೆಟ್ರೋದಲ್ಲಿ ಆ ವಾಸನೆ ಬಂದ ಮೇಲೆ ಇದೆಲ್ಲ ತಲೆಯಲ್ಲಿ ಕುದಿಯುತ್ತಲೇ ಇತ್ತು. ಮೊನ್ನೆ ಭಾನುವಾರ ಮಾದನಾಯಕನಹಳ್ಳಿಯ ಛತ್ರದಲ್ಲಿ ಒಂದು ಮದುವೆ. ಅಲ್ಲಿ ಅದೇ ಮಿಸ್ ಸಿಕ್ಕರು. ಕೂದಲು ನರೆತಿದೆ, ಪ್ರೀತಿಯಿಂದಲೇ ಮಾತಾಡಿಸಿದರು. ನನ್ನ ಪೇಪರ್ ವಿಷಯಕ್ಕೆ ಪಕ್ಕದ ಮನೆಯವರೊಬ್ಬರು ಬಂದಿದ್ದರಲ್ಲ, ನೆನಪಿದೆಯಾ ಎಂದು ಕೇಳಿದೆ.

“ಓ, ಆ ಕುಡುಕನಾ? ಮರೆಯೋಕಾಗತ್ತೇನಮ್ಮ? ಈಗ್ಲೂ ಸ್ಟಾಫ್ ರೂಮಲ್ಲಿ ಹೇಳ್ಕೊಂಡ್ ನಗ್ತಾರೆ.”

“ಅವರು ಕುಡೀತಿರ್ಲಿಲ್ಲ ಮಿಸ್. ನಂಗೆ ಗೊತ್ತಿತ್ತು. ನೀವು ಕೇಳ್ದಾಗ ನಾನು ಹೇಳ್ಲಿಲ್ಲ.”

“ಅಯ್ಯೋ ಬಿಡು, ಯಾವ್ ಕಾಲದ್ ಕತೆ,” ಎಂದರು. ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು, ಸೆರಗು ಸರಿ ಮಾಡಿಕೊಂಡು ಊಟಕ್ಕೆ ಎದ್ದು ಹೋದರು.

ಎರಡಕ್ಷರ ಹೇಳಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಕೇಳಿಸಿಕೊಳ್ಳಬೇಕಾಗಿದ್ದವರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಹುಡುಕೋಣವೆಂದರೆ ಅವರ ಹೆಸರು ಕೂಡ ನನಗೆ ಗೊತ್ತಿಲ್ಲ, ಅಪ್ಪನಿಗೂ ನೆನಪಿಲ್ಲ. ನಾನು ಕಾಕಾ ಎಂದಷ್ಟೇ ಕರೆದಿದ್ದೆ. ಆ ಶಾಲೆಯಲ್ಲಿ ಅವರಿಗೆ ಉಳಿದಿರುವ ಹೆಸರು ಕುಡುಕ.