ಮಾಳಿಂಗಪ್ಪನ ಗಾಜಿನ ಬೋರ್ಡು
ಸಿಂದಗಿಯ ಹಳೇ ಮಾಳಿಗೆ ಮನೆಗಳಿಗೆ ಸ್ಮಾರ್ಟ್ ಸ್ವಿಚ್ ಕೂಡಿಸುವ ಮಾಳಿಂಗಪ್ಪ ಮೊದಲು ಚಾ ಕುಡಿಯುತ್ತಾನೆ, ಆಮೇಲೆ ಗೋಡೆ ಬಡಿದು ಕಿವಿಯಿಟ್ಟು ಕೇಳುತ್ತಾನೆ. "ಎರಡು ಮೊಳದ ಮಣ್ಣಿನ ಗ್ವಾಡಿ ಐತ್ರಿ, ವೈಫೈ ದಾಟೂದಿಲ್ಲ. ಆದ್ರ ನಾ ದಾಟಸ್ತೇನಿ" ಎನ್ನುತ್ತಾನೆ, ದಾಟಿಸಿಯೂ ಬಿಡುತ್ತಾನೆ. ಅವನು ಕಲಿಸಿದ ಫೋನಿಗೆ "ದೀಪ ಆರಿಸು" ಎಂದರೆ ತಿಳಿಯುವುದಿಲ್ಲ, "ದೀಪ ಶಾಂತ ಮಾಡವ್ವಾ" ಎನ್ನಬೇಕು. ಮನೆಯಲ್ಲಿ ಆಡಬಾರದ ಅಶುಭದ ಮಾತನ್ನು ಯಂತ್ರಕ್ಕೆ ಯಾಕೆ ಕಲಿಸಬೇಕೆಂಬುದು ಅವನ ವಾದ. ಮೊನ್ನೆ ನಮ್ಮ ಓಣಿಯ ಸರಸ್ವತೀಬಾಯಿಯವರ ಮನೆಗೆಲ್ಲ ಬಟನ್ನಿಲ್ಲದ, ಬೆರಳು ತಾಗಿಸಿದರೆ ದೀಪ ಹತ್ತುವ ನುಣುಪು ಗಾಜಿನ ಬೋರ್ಡು ಹಾಕಿದವನು, ಕಣ್ಣು ಮಂಜಾದ ಅವರ ಅತ್ತೆಯ ಮಂಚದ ಬಳಿಯ ಹಳೇ ಕರೀ ಬಟನ್ ಮಾತ್ರ ಮುಟ್ಟಲಿಲ್ಲ. "ಅದೊಂದ್ಯಾಕ ಬಿಟ್ಟೆಪಾ? ಛಂದ ಕಾಣಸೂದಿಲ್ಲ, ತಗಿ" ಎಂದು ಬಾಯಿಯವರು ಗದರಿದರು. "ಛಂದ ಇರ್ಲಿ ಬಿಡ್ರಿ ಬಾಯಾರ, ಅತ್ತಿಯವ್ರ ಕೈಗೆ ಹತ್ತಬೇಕಲ್ರಿ? ನಮ್ಮನ್ಯಾಗೂ ಗಾಜಿಂದ ಹಾಕಿದ್ದೆ. ಕಣ್ಣು ನೆಟ್ಟಗ ಕಾಣಲಾರದ ನಮ್ಮವ್ವ ಅದನ್ನ ಸವರಿ ಸವರಿ ಸೋತು, ಮಗನ ಕೆಲಸದಾಗ ಕುಂದ ಹೇಳಬಾರದಂತ ಎಂಟು ದಿನ ಕತ್ತಲದಾಗ ಕುಂತಿದ್ಲು" ಎಂದ ಮಾಳಿಂಗಪ್ಪ. ಸರಸ್ವತೀಬಾಯಿ, "ಹಂಗಾದ್ರ ಬಚ್ಚಲಮನಿ ಗಾಜಿನ ಬೋರ್ಡೂ ತಗದು ಹಳೇ ಬಟನ್ನ ಹಚ್ಚಪಾ. ರಾತ್ರಿ ಅತ್ತಿ ಅಲ್ಲಿಗೂ ಒಬ್ರೇ ಹೋಗ್ತಾರ" ಎಂದರು.