ಅಮ್ಮನ ಅಜ್ಜನಿಗೆ ಪೂಜೆ

ಅಮ್ಮನ ಅಜ್ಜ ಇಂಗ್ಲೆಂಡಿನವರು, ಮಂಗಳೂರಿನಲ್ಲಿ ಬಾಯ್ಲರ್ ರಿಪೇರಿ ಮಾಡುತ್ತಿದ್ದರು. ಊರಿಗೆ ಹೊರಟಾಗ ಹಡಗು ಮುಳುಗಿ ಸತ್ತರೆಂದು ನಂಬಿದ ಅವರ ಹೆಂಡತಿ, ಅಮ್ಮನ ಅಜ್ಜಿ, ಬದುಕಿರುವವರೆಗೂ ಕಪ್ಪು ಸೀರೆಯುಟ್ಟು, ಪ್ರತಿವರ್ಷ ಆ ದಿನ ಚರ್ಚಿನಲ್ಲಿ ಪೂಜೆ ಹೇಳಿಸಿದರು. ಅಮ್ಮ ದುಬೈಯಲ್ಲೂ ಅದನ್ನು ಬಿಡಲಿಲ್ಲ. ಈ ವರ್ಷ ಆ ಅಜ್ಜನ ತಂದೆತಾಯಿಯ ಹೆಸರನ್ನೂ ಓದಿಸಬೇಕೆಂದು ನನಗೆ ಹುಡುಕಲು ಹೇಳಿದರು.

ದುಬೈಯ ಮುರಕ್ಕಬಾತ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕೂತು ಇಂಗ್ಲೆಂಡಿನ ಹಳೆಯ ಜನಗಣತಿ ತೆರೆದೆ. ಮುಳುಗಿದರೆಂಬ ವರ್ಷದ ಎಷ್ಟೋ ಕಾಲದ ನಂತರವೂ ಅಜ್ಜ ಅಲ್ಲಿದ್ದರು: ಅದೇ ಹೆಸರು, ಅದೇ ಊರು, ಅದೇ ಕಸುಬು, ಹೆಂಡತಿ, ಐದು ಮಕ್ಕಳು. ಪತ್ರಿಕೆಯಲ್ಲಿ ಕೆಲಸ ಮಾಡುವ ನಾನು ಒಂದೇ ಮೂಲವನ್ನು ನಂಬುವುದಿಲ್ಲ. ಸಮಾಧಿಯ ದಾಖಲೆ ತರಿಸಿದೆ. ಅದೂ ತಾಳೆಯಾಯಿತು.

"ಅಜ್ಜಿ ಬದುಕಿದ್ದವನಿಗೆ ಪೂಜೆ ಹೇಳಿಸಿದ್ದಾ ಮಾರಾಯ?" ಎಂದರು ಅಮ್ಮ, ಎರಡನ್ನೂ ನೋಡಿ.

"ನಾಳೆಯ ಪೂಜೆಗೆ ಹೆಸರು ಕೊಟ್ಟು ಬರಲಾ?"

"ಬೇಡ. ಖಲಾಸ್."

ಮರುದಿನ ಅವರು ಅಭ್ಯಾಸದಂತೆ ಬೇಗ ಎದ್ದು, ಚರ್ಚಿನ ಸೀರೆಯುಟ್ಟು, ಪೂಜೆಯ ಹೊತ್ತು ಕಳೆದರೂ ಸೋಫಾದಲ್ಲಿ ಕೂತೇ ಇದ್ದರು.