ಮೂರು ಗೋಲಿನ ಕರಾರು

ಪುಕ್ಕಟೆ ಬಂದ ಒಂದು ವಿಡಿಯೊ ನನಗೆ ಒಂದು ಇಡೀ ಸೀಸನ್ನಿನ ಭಾನುವಾರದ ಬೆಳಗುಗಳಷ್ಟು ದುಬಾರಿಯಾಯಿತು. ಮೆಲ್ಬರ್ನಿನ ಚಳಿಗಾಲದ ಬೆಳಗು ಎಂದರೆ ಏನು ಎಂಬುದು ಅಲ್ಲಿ ಒದ್ದೆ ಹುಲ್ಲಿನ ಮೇಲೆ ನಿಂತವರಿಗೇ ಗೊತ್ತು. ಇಷ್ಟು ಬೆಲೆ ತೆತ್ತದ್ದು ಯಾಕೆಂದರೆ, ಆಡಬೇಕೆಂದಿದ್ದ ಒಂದು ಮಾತನ್ನು ನಾನು ನುಂಗಿಕೊಂಡೆ; ನುಂಗಿದ್ದು ಗೊತ್ತಾಗಬಾರದೆಂದು ಬಾಯಿಗೆ ಬಂದ ಇನ್ನೊಂದು ಮಾತು ಆಡಿಬಿಟ್ಟೆ.

ನನ್ನ ಬಗ್ಗೆ ಹೇಳುವುದಾದರೆ, ನಾನು ಚೌಕಾಸಿಯ ಮನುಷ್ಯ. ಹುಬ್ಬಳ್ಳಿಯಿಂದ ಓದಲು ಬಂದವನು, ಪೆಟ್ರೋಲ್ ಬಂಕಿನಲ್ಲಿ ನಿಂತು, ನೆಲಕ್ಕೆ ಟೈಲ್ಸ್ ಕೂರಿಸುವುದು ಕಲಿತು, ಈಗ ಸ್ವಂತದ್ದೊಂದು ಟೈಲ್ಸ್ ಅಂಗಡಿ ಇಟ್ಟಿದ್ದೇನೆ. ನಮ್ಮ ಬಡಾವಣೆ ಕ್ಲೈಡ್ ನಾರ್ತ್‌ನಲ್ಲಿ ಯಾರೇ ಕಾರು ಕೊಳ್ಳಲಿ, ಮಾರ್ಟ್‌ಗೇಜ್ ಬದಲಿಸಲಿ, ಬ್ರೋಕರ್ ಎದುರು ಕೂರಲು ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೂ ಹೋಗುತ್ತೇನೆ ಎಂದು ಹೆಂಡತಿ ಗಿರಿಜಾ ಹೇಳುತ್ತಾಳೆ. ಅದು ಉತ್ಪ್ರೇಕ್ಷೆಯಲ್ಲ.

ಹಾಗಾಗಿ ನಮ್ಮ ಮಗಳು ಅನಘಾ ಆಡುವ ಹುಡುಗಿಯರ ಫುಟ್‌ಬಾಲ್ ತಂಡದ ಕೋಚನ್ನು ಮೆತ್ತಗೆ ಬಿಡಿಸಬೇಕು ಎಂದಾಗ ಪೋಷಕರೆಲ್ಲ ನನ್ನ ಕಡೆ ನೋಡಿದ್ದು ಸಹಜ. ಕೋಚಿನ ಹೆಸರು ಎಮಿಲ್. ಕಾಂಗೋ ದೇಶದವರು, ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಅವರ ಕಡೆ ಹಿರಿಯ ಗಂಡಸರನ್ನು ‘ಪಾಪಾ’ ಎಂದು ಕರೆಯುವುದು ಮರ್ಯಾದೆ, ಹೆಂಗಸರನ್ನು ‘ಮಾಮಾ’. ಮಕ್ಕಳೆಲ್ಲ ಅವರನ್ನು ಪಾಪಾ ಎಮಿಲ್ ಎನ್ನುತ್ತಿದ್ದರು. ಗಿರಿಜಾಳಿಗೆ ಮಾತ್ರ ಇದು ಒಗ್ಗಲಿಲ್ಲ. “ಅಷ್ಟು ದೊಡ್ಡ ಮನಶ್ಯಾಗ ಪಾಪ ಅಂದ್ರ ಏನೋ ಕನಿಕರ ಪಟ್ಟಂಗ ಆಗ್ತೈತ್ರೀ” ಎನ್ನುತ್ತಿದ್ದಳು. ಅದೂ ನಿಜವೇ. ನಮ್ಮ ಭಾಷೆಯಲ್ಲಿ ಆ ಎರಡಕ್ಷರ ವಿಚಿತ್ರ ದುಡಿಮೆ ಮಾಡುತ್ತದೆ. ಮಾಡಿದವನದ್ದೂ ಪಾಪ, ಅನುಭವಿಸಿದವನಿಗೂ ಪಾಪ. ಇಬ್ಬರಿಗೂ ಒಂದೇ ಮಾತು ಯಾಕೆ ಸಾಕಾಯಿತೋ ನಾನು ಕಾಣೆ.

ಎಮಿಲ್ ಮೇಲಿನ ಆರೋಪ ಹೀಗಿತ್ತು. ಜೂನ್ ತಿಂಗಳ ಲಾಂಗ್ ವೀಕೆಂಡಿನಲ್ಲಿ ಸಿಡ್ನಿಯ ಟೂರ್ನಮೆಂಟಿಗೆ ಹೋಗಿ ನಮ್ಮ ಹುಡುಗಿಯರು ಏಳು ಗೋಲು ತಿಂದು ಬಂದರು. ಸೋತರೆ ಸೋಲಲಿ, ಸೋತ ಮೇಲೆ ಈ ಕೋಚು ಒಂದು ಮಾತು ಬೈಯಲಿಲ್ಲ. ಮೈದಾನದ ಪಕ್ಕದಲ್ಲಿ ಕೂತು ಕಿತ್ತಳೆ ಹೋಳು ಮಾಡಿ ಕೊಟ್ಟು, ಹುಡುಗಿಯರಿಂದ ಹಾಡು ಹೇಳಿಸಿದರು. ಗೆದ್ದ ತಂಡ ತಿರುಗಿ ತಿರುಗಿ ನೋಡಿತು. ಸಿಡ್ನಿಯಲ್ಲೇ ಇರುವ ಸ್ಕೋಫೀಲ್ಡ್ಸ್‌ನಿಂದ ಮ್ಯಾಚು ನೋಡಲು ಬಂದಿದ್ದ ಗಿರಿಜಾಳ ತಮ್ಮ ಸಂತೋಷ, “ಮಾಮಾ, ಇವರು ಗೆದ್ದಿದ್ರ ಏನು ಅಳೂದೇನು?” ಎಂದು ನನ್ನನ್ನು ಕೇಳಿದ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ವಾಪಸು ಬಂದ ಮೇಲೆ ಪೋಷಕರ ಸಭೆ ಸೇರಿತು. ಎಲ್ಲರಿಗಿಂತ ಜೋರಾಗಿದ್ದವಳು ಬೆಂಗಳೂರಿನ ರಶ್ಮಿ. “ಅಂಕಲ್, ಮಕ್ಕಳಿಗೆ ಡಿಸಿಪ್ಲಿನ್ನೇ ಇಲ್ಲ. ನೀವೇ ಮಾತಾಡಿ ಬಿಡಿಸಿಬಿಡಿ.” ಒಮ್ಮೆಲೇ ಬಿಡಿ ಎನ್ನುವುದು ಚೌಕಾಸಿಯ ರೀತಿಯಲ್ಲ. ಎದುರಿನವನಿಗೆ ತಾನೇ ಒಪ್ಪಿಕೊಂಡೆ ಅನ್ನಿಸಬೇಕು. ಅದಕ್ಕೆ ನಾನೊಂದು ಕರಾರು ಹೊಸೆದೆ: ಮುಂದಿನ ಮ್ಯಾಚಿನಲ್ಲಿ ಮೂರು ಗೋಲಿಗಿಂತ ಹೆಚ್ಚು ಬಿಟ್ಟುಕೊಟ್ಟರೆ ಕೋಚು ತಾವಾಗಿಯೇ ಬಿಡಬೇಕು. ಎಲ್ಲರೂ ಭೇಷ್ ಎಂದರು. ಎಷ್ಟು ಸೌಮ್ಯ, ಎಷ್ಟು ನ್ಯಾಯ ಎಂದು ನನಗೂ ಹೆಮ್ಮೆಯಾಯಿತು.

ಮಾತುಕತೆಗೆ ನನ್ನದೊಂದು ಪದ್ಧತಿಯಿದೆ. ಮೊದಲು ತಿನ್ನಿಸಬೇಕು, ಆಮೇಲೆ ನಗಿಸಬೇಕು, ಕೊನೆಗೆ ವಿಷಯ. ಶನಿವಾರ ಸಂಜೆ ಎಮಿಲ್ ಅವರನ್ನು ಮನೆಗೆ ಕರೆದೆ. ತಿನ್ನಿಸಲು ಗಿರಿಜಾ ಮಂಡಕ್ಕಿಯ ಗಿರಮಿಟ್ಟು ಕಲಸಿದ್ದಳು. ನಗಿಸಲು ನನ್ನ ಫೋನಿನಲ್ಲಿ ಸಂತೋಷ ಕಳಿಸಿದ್ದ ವಿಡಿಯೊ ಇತ್ತು. ಹಳೆಯ ವಿಶ್ವಕಪ್ಪಿನ ತುಣುಕು. ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಿದೆ. ಎದುರಿಗೆ ಜೈರ್ ಎಂಬ ಆಫ್ರಿಕಾ ದೇಶದ ಆಟಗಾರರು ಸಾಲಾಗಿ ಅಡ್ಡ ನಿಂತಿದ್ದಾರೆ. ಬ್ರೆಜಿಲ್‌ನವನು ಒದೆಯುವ ಮೊದಲೇ ಆ ಸಾಲಿನಿಂದ ಒಬ್ಬ ಓಡಿಬಂದು ಚೆಂಡನ್ನು ಎತ್ತಲೋ ಒದ್ದುಬಿಡುತ್ತಾನೆ. ರೆಫರಿ ಹಳದಿ ಕಾರ್ಡು ತೋರಿಸುತ್ತಾನೆ. ಕೆಳಗೆ ಸಂತೋಷ ಬರೆದಿದ್ದ: ‘ರೂಲ್ಸೇ ಗೊತ್ತಿಲ್ಲ ಮಗಂಗ!’ ಎಮಿಲ್ ಕಾಂಗೋದವರು, ಇದು ಜೈರ್. ಬೇಜಾರಾಗುವ ಪ್ರಶ್ನೆಯೇ ಇಲ್ಲ ಎಂದುಕೊಂಡೆ. ಅಷ್ಟು ಹುಷಾರಿ ನನಗಿತ್ತು.

ಫೋನು ಅವರ ಮುಂದೆ ಹಿಡಿದೆ. ನಾನು ನಕ್ಕೆ. ಅವರು ನಗಲಿಲ್ಲ. ಎರಡನೆಯ ಸಲ ಗಿರಮಿಟ್ಟಿನ ತಟ್ಟೆ ಹಿಡಿದು ಬಂದ ಗಿರಿಜಾ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, “ಅಯ್ಯೋ, ಪಾಪಾ!” ಎಂದಳು.

ಎಮಿಲ್ ತಟ್ಟನೆ ತಲೆಯೆತ್ತಿ, “ಹೇಳಿ ಮಾಮಾ” ಎಂದರು.

ಅವಳು ತಟ್ಟೆ ಹಿಡಿದುಕೊಂಡೇ ಕಕ್ಕಾಬಿಕ್ಕಿಯಾದಳು. ತಾನು ಅವರನ್ನು ಕರೆಯಲಿಲ್ಲ, ಆ ಆಟಗಾರನಿಗೆ ಮರುಗಿದೆ, ನಮ್ಮ ಮಾತಿನಲ್ಲಿ ಪಾಪ ಎಂದರೆ ಹಾಗೆ ಎಂದು ಇಂಗ್ಲಿಷಿನಲ್ಲಿ ತಡವರಿಸಿ ಬಿಡಿಸಿ ಹೇಳಿದಳು. ಎಮಿಲ್ ಅವಳನ್ನೇ ನೋಡಿದರು. “ಈ ವಿಡಿಯೊ ನನಗೆ ಎಷ್ಟೋ ಜನ ತೋರಿಸಿದ್ದಾರೆ. ನೋಡಿ ನಗದವರು ನೀವೇ ಮೊದಲು. ಕೂತುಕೊಳ್ಳಿ ಮಾಮಾ, ಹೇಳುತ್ತೇನೆ. ಜೈರ್ ಅಂದರೆ ನಮ್ಮ ಕಾಂಗೋನೇ. ಆಗ ಅದು ನಮ್ಮ ದೇಶದ ಹೆಸರು.”

ನನ್ನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು.

ಎಮಿಲ್ ಆಗ, ಅಂದರೆ ಎಪ್ಪತ್ನಾಲ್ಕರಲ್ಲಿ, ರಾಜಧಾನಿ ಕಿನ್‌ಶಾಸಾದಲ್ಲಿ ಸಣ್ಣ ಹುಡುಗ, ಪಕ್ಕದ ಮನೆಯ ರೇಡಿಯೊಗೆ ಕಿವಿ ಹಚ್ಚಿ ಕೂತವರು. ಅವರ ದೇಶದ ತಂಡದ ಹೆಸರು ಚಿರತೆಗಳು. ಜೆರ್ಸಿಯ ಎದೆಯ ಮೇಲೂ ಚಿರತೆಯ ತಲೆ. ರೂಲ್ಸ್ ಗೊತ್ತಿಲ್ಲದವರು ಎಂದು ನಾವು ನಕ್ಕ ಆ ಮಂದಿ ಅದೇ ವರ್ಷ ಆಫ್ರಿಕಾದ ಚಾಂಪಿಯನ್ನರು! ಸಹಾರಾ ಮರುಭೂಮಿಯ ಕೆಳಗಿನ ಇಡೀ ಆಫ್ರಿಕಾದಿಂದ ವಿಶ್ವಕಪ್ಪಿಗೆ ಹೋದ ಮೊದಲ ತಂಡ. ಹೋಗುವ ಮೊದಲು ಅವರ ಸರ್ವಾಧಿಕಾರಿ ಒಬ್ಬೊಬ್ಬರಿಗೂ ಮನೆ, ಕಾರು ಕೊಟ್ಟ. ವಿಶ್ವಕಪ್ಪು ನಡೆದ ಜರ್ಮನಿಗೆ ಹೋದ ಮೇಲೆ ಮಾತು ಕೊಟ್ಟ ಬೋನಸ್ಸು ಆಟಗಾರರ ಕೈಗೆ ಬರಲಿಲ್ಲ. ಮೊದಲ ಮ್ಯಾಚು ಎರಡು ಗೋಲಿನಿಂದ ಸೋತರು. ನಾವು ಆಡುವುದಿಲ್ಲ ಎಂದು ಕೂತವರನ್ನು ಹೇಗೋ ಎಬ್ಬಿಸಿ ಎರಡನೆಯದಕ್ಕೆ ಇಳಿಸಿದರು. ಒಂಬತ್ತು ಗೋಲು ಬಿದ್ದವು. ಆ ಮ್ಯಾಚಿನಲ್ಲಿ ರೆಫರಿಯನ್ನು ಒದ್ದವನೊಬ್ಬ, ಹೊರಗೆ ಕಳಿಸಿದ್ದು ಇನ್ನೊಬ್ಬನನ್ನು.

“ಒಂಬತ್ತಾದ ಮೇಲೆ ನಮ್ಮ ಓಣಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹಾಡು ಹಾಗಿರಲಿ, ಒಂದು ಪಾತ್ರೆಯ ಸದ್ದಿಲ್ಲ” ಎಂದರು ಎಮಿಲ್. “ಮೂರನೆಯದು ಬ್ರೆಜಿಲ್ ಮೇಲೆ. ಅದಕ್ಕೆ ಮೊದಲು ಸರ್ವಾಧಿಕಾರಿಯ ಮಂದಿ ಹೋಟೆಲಿಗೆ ಬಂದು ಒಂದು ಕರಾರು ಹಾಕಿದರಂತೆ. ಆಮೇಲೆ ಆಟಗಾರರೇ ಹೇಳಿಕೊಂಡ ಮಾತಿದು. ಮೂರು ಗೋಲಿಗಿಂತ ಹೆಚ್ಚು ಬಿಟ್ಟುಕೊಟ್ಟರೆ, ಮನೆಗೆ ಬರಬೇಡಿ.”

ನಾನು ಬೆಚ್ಚಿಬಿದ್ದೆ. ಅಂಥ ಕರಾರು ಇತ್ತೆಂಬುದಕ್ಕೆ ಅರ್ಧ. ಉಳಿದರ್ಧಕ್ಕೆ ಕಾರಣ ನನ್ನ ನಾಲಗೆಯ ಮೇಲೆ ಕೂತಿತ್ತು. ಅದೇ ಸಂಖ್ಯೆ, ಹೆಚ್ಚೂಕಡಿಮೆ ಅದೇ ವಾಕ್ಯ. ನಾನು ಸೌಮ್ಯವೆಂದು ಮೆಚ್ಚಿಕೊಂಡದ್ದನ್ನು ಒಬ್ಬ ಸರ್ವಾಧಿಕಾರಿ ನನಗಿಂತ ಮೊದಲೇ ಹೊಸೆದಿದ್ದ.

“ಆ ಚೆಂಡು ಒದ್ದವಗ ರೂಲ್ಸ್ ಗೊತ್ತಿತ್ತಾ ಹಂಗಾದ್ರ?” ಎಂದು ಗಿರಿಜಾ ಕನ್ನಡದಲ್ಲೇ ಕೇಳಿದಳು. ಅನುವಾದ ನಾನು ಮಾಡಿದೆ.

“ರೂಲ್ಸ್ ಗೊತ್ತಿಲ್ಲದವನು ವಿಶ್ವಕಪ್ಪಿಗೆ ಹೋಗುತ್ತಾನೆಯೇ ಮಾಮಾ? ಸಿಟ್ಟಿಗೆ ಒದ್ದ ಅನ್ನುವವರಿದ್ದಾರೆ, ಹೊತ್ತು ಕಳೆಯಲು ಒದ್ದ ಅನ್ನುವವರೂ ಇದ್ದಾರೆ. ಅವನ ಕಾಲಿಗೆ ಗೊತ್ತು. ಮ್ಯಾಚು ಮುಗಿದಾಗ ಸರಿಯಾಗಿ ಮೂರು ಗೋಲು. ಎಲ್ಲರೂ ಮನೆಗೆ ಬಂದರು. ಜಗತ್ತು ಇವತ್ತಿಗೂ ನಗುತ್ತಿದೆ.”

ಜೀವಮಾನವಿಡೀ ಚೌಕಾಸಿ ಮಾಡಿದವನು ನಾನು. ಎದುರಿಗೆ ಬ್ರೆಜಿಲ್, ಬೆನ್ನಿಗೆ ಸರ್ವಾಧಿಕಾರಿ, ಕೈಯಲ್ಲಿ ಕೊಡಲು ಏನೂ ಇಲ್ಲ. ಅಂಥ ಕಡೆ ನಿಂತು ಒಬ್ಬ ಮನುಷ್ಯ ಒಂದು ಹಳದಿ ಕಾರ್ಡು ತೆತ್ತು ಅರ್ಧ ನಿಮಿಷ ಕೊಂಡುಕೊಂಡಿದ್ದನೇನೋ. ಅದನ್ನು ನೋಡಿ ಟೈಲ್ಸ್ ಮಾರುವವನು ಸೋಫಾದ ಮೇಲೆ ಕೂತು ನಕ್ಕಿದ್ದ.

“ಏನೋ ಮಾತಾಡಬೇಕು ಅಂದಿದ್ದಿರಿ?” ಎಮಿಲ್ ಕೇಳಿದರು. ಸಿಡ್ನಿಯ ಏಳು ಗೋಲಿನ ವಿಷಯವೆಂದು ಅವರಿಗೆ ಗೊತ್ತಿತ್ತು. ತಟ್ಟೆ ಕೆಳಗಿಟ್ಟು ನೆಟ್ಟಗೆ ಕೂತಿದ್ದರು.

“ಏನಿಲ್ಲ... ತಂಡಕ್ಕೆ ಮ್ಯಾನೇಜರ್ ಇಲ್ಲವಲ್ಲ, ನಾನು ಬರಲೇ ಅಂತ.”

ಗಿರಿಜಾ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಒಳಗಿನಿಂದ ಅನಘಾ, “ಡ್ಯಾಡ್, ನೋ! ಪ್ಲೀಸ್!” ಎಂದು ಕೂಗಿದಳು. ಎಮಿಲ್ ಮಾತ್ರ ದೊಡ್ಡದಾಗಿ ನಕ್ಕು, ಗಿರಮಿಟ್ಟಿಗೆ ಮತ್ತೆ ಕೈ ಹಾಕಿದರು.

ಅವತ್ತೇ ರಶ್ಮಿಯ ಫೋನು. “ಅಂಕಲ್, ಡೀಲ್ ಆಯ್ತಾ?”

“ಆಯಿತಮ್ಮ. ಕೋಚು ಇರ್ತಾರೆ, ಕರಾರು ಹೋಯಿತು.”

“ಏನ್ ಅಂಕಲ್! ನಮ್ಮ ಕಡೆಯಿಂದ ಹೋಗಿ ಅವರ ಕಡೆ ಸೇರ್ಕೊಂಡ್ರಾ?”

“ಸಿಡ್ನಿಯಿಂದ ಬಂದ ಮೇಲೆ ನಿಮ್ಮ ಮಗಳು ಪ್ರಾಕ್ಟೀಸಿಗೆ ಹೋಗಲ್ಲ ಅಂದಳೇನು?”

“ಇಲ್ಲ. ಎಲ್ಲರಿಗಿಂತ ಮೊದಲು ಅವಳೇ ಶೂ ಹಾಕ್ಕೊಂಡು ನಿಂತಿದ್ಲು” ಎಂದಳು ರಶ್ಮಿ.

ಮುಂದಿನ ಮ್ಯಾಚು ನಾಲ್ಕು ಗೋಲಿನಿಂದ ಸೋತೆವು. ನಾಲ್ಕನೆಯದು ಬಿದ್ದಾಗ ನಾನು ಕೋಚಿನ ಕಡೆ ನೋಡಿದೆ. ಕರಾರು ಇದ್ದಿದ್ದರೆ ಎಮಿಲ್ ಅವತ್ತೇ ತಮ್ಮ ಬ್ಯಾಗು ಎತ್ತಿಕೊಂಡು ಹೋಗಬೇಕಿತ್ತು. ಬದಲಿಗೆ ಅವರು ಚಾಕು ತೆಗೆದು ಹಣ್ಣು ಕೊಯ್ಯತೊಡಗಿದರು. ಹುಡುಗಿಯರು ಆಗಲೇ ರಾಗ ಎತ್ತಿದ್ದರು.

ನಿಮಗೆ ನಾನು ಹೇಳುವುದಿಷ್ಟು. ಮೈದಾನಕ್ಕೆ ಹೋಗುವಾಗ ಮಡಿಚುವ ಕುರ್ಚಿ ಒಯ್ಯಿರಿ, ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಯಾರಾದರೂ ನಗಲು ವಿಡಿಯೊ ಕಳಿಸಿದರೆ, ಅದು ಶುರುವಾಗುವುದಕ್ಕೆ ಮೊದಲು ಏನಾಗಿತ್ತೆಂದು ಕೇಳಿ. ಗೊತ್ತಿಲ್ಲ ಎಂದರೆ ಮುಂದಕ್ಕೆ ಕಳಿಸಬೇಡಿ. ಇನ್ನು ಮಕ್ಕಳ ಕೋಚಿನ ಜೊತೆ ಚೌಕಾಸಿಗೆ ಕೂರಲೇಬೇಕಾಗಿ ಬಂದರೆ, ಭಾನುವಾರ ಬಿದ್ದ ಗೋಲುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಂಗಳವಾರದ ಪ್ರಾಕ್ಟೀಸಿಗೆ ಹೋಗಿ, ಎಷ್ಟು ಮಕ್ಕಳು ವಾಪಸು ಬಂದಿದ್ದಾರೆ ಎಂದು ಎಣಿಸಿ.